ಕೇದಾರನಾಥನು ಬೆಟ್ಟವಿಳಿಯುವ ಕಾಲ

ಶಿವರಾತ್ರಿ ಬಂದರೆ ಚಳಿಯು ‘ಶಿವ ಶಿವಾ’ ಎನ್ನುತ್ತ ಓಡಿಹೋಗುತ್ತದೆ ಎಂಬುದು ನಮ್ಮ ನಾಡಿನ ಮಾತು. ಧನುರ್ಮಾಸದ ಬೆಳಗಿನ ಜಾವಗಳಲ್ಲಿ ಮೈ ನಡುಗುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಬಿಸಿಲು ಬಲಿಯತೊಡಗುತ್ತದೆ. ಶಿವರಾತ್ರಿಯ ಜಾಗರಣೆ ಮುಗಿಯುವಷ್ಟರಲ್ಲಿ ಕಂಬಳಿಗಳು ಮಡಚಿಕೊಂಡು ಅಟ್ಟ ಸೇರುತ್ತವೆ. ನಮಗೆ ಚಳಿಯೆಂದರೆ ನಾಲ್ಕು ದಿನ ಇದ್ದು ಹೋಗುವ ನೆಂಟ. ಆದರೆ ಶಿವನ ಹೆಸರಿನಿಂದಲೇ ಲೋಕಪ್ರಸಿದ್ಧವಾದ ಒಂದು ಕ್ಷೇತ್ರದಲ್ಲಿ ಶಿವರಾತ್ರಿಯ ದಿನವೂ ಹಿಮ ಕರಗಿರುವುದಿಲ್ಲ. ಅಲ್ಲಿ ಚಳಿಯು ದೇವರಿಗೆ ಹೆದರಿ ಓಡುವುದಿಲ್ಲ. ಚಳಿಗೆ ದಾರಿಬಿಟ್ಟು ದೇವರೇ ಆರು ತಿಂಗಳ ಮಟ್ಟಿಗೆ ಕೆಳಗಿಳಿದು ಬರುತ್ತಾನೆ. ಅದುವೇ ಹಿಮವತ್ಕೇದಾರ.

ಕೇದಾರಕ್ಕೂ ನಮ್ಮ ನಾಡಿಗೂ ಇರುವ ನಂಟು ವಾಚಕರಿಗೆ ಹೊಸದಲ್ಲ. ರಂಭಾಪುರಿ, ಉಜ್ಜಯಿನಿ, ಶ್ರೀಶೈಲ, ಕಾಶಿಗಳೊಡನೆ ಕೇದಾರವೂ ಪಂಚಪೀಠಗಳಲ್ಲೊಂದು. ಪರಂಪರೆಯು ಅದನ್ನು ಏಕೋರಾಮಾರಾಧ್ಯರ ಪೀಠವೆಂದು ನೆನೆಯುತ್ತದೆ. ಅಲ್ಲಿಯ ರಾವಲರೂ ಪೂಜೆ ನೆರವೇರಿಸುವ ಜಂಗಮರೂ ವೀರಶೈವ ಸಂಪ್ರದಾಯದವರು. ಹರಿಹರ, ದಾವಣಗೆರೆಯ ಬಯಲಿನಲ್ಲಿ ಹುಟ್ಟಿ ಬೆಳೆದವರು ಹಿಮಾಲಯದ ಮಡಿಲಿನಲ್ಲಿ ಸರದಿಯ ಮೇಲೆ ಪೂಜೆಗೆ ನಿಲ್ಲುತ್ತಾರೆ. ಬಿಸಿಲಿನ ನಾಡಿನ ಈ ಮಕ್ಕಳು ಅಂತಹ ಚಳಿಯಲ್ಲಿ ಹೇಗೆ ಬಾಳುತ್ತಾರೆ ಎಂಬ ಕುತೂಹಲ ನನಗೆ ಬಹುಕಾಲದಿಂದ ಇತ್ತು. 2023ನೆಯ ಇಸವಿಯ ಕಾರ್ತಿಕದಲ್ಲಿ ದೇವಸ್ಥಾನದ ಬಾಗಿಲು ಮುಚ್ಚುವ ಸಮಯಕ್ಕೆ ಅಲ್ಲಿಗೆ ಹೋಗುವ ಯೋಗ ಕೂಡಿಬಂದಿತು. ಆಗ ನನಗೆ ಅರವತ್ನಾಲ್ಕು ವರ್ಷ. ಕುತೂಹಲ ತೀರಿತು, ಅದರೊಡನೆ ನನ್ನೊಳಗಿದ್ದ ಒಂದು ಅಹಂಕಾರವೂ ಮುರಿಯಿತು. ಅದನ್ನು ಮುಚ್ಚಿಡದೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ಬಾಗಿಲು ಮುಚ್ಚುವ ಮೊದಲು

ಕೇದಾರನಾಥವು ಸಮುದ್ರಮಟ್ಟದಿಂದ 3,583 ಮೀಟರು ಎತ್ತರದಲ್ಲಿದೆ. ಗೌರೀಕುಂಡದವರೆಗೆ ವಾಹನ, ಅಲ್ಲಿಂದ ಮುಂದೆ ಸುಮಾರು ಹದಿನಾರು ಕಿಲೋಮೀಟರು ಏರುದಾರಿ. ಅಲ್ಲಿಯ ಗಾಳಿ ತೆಳು; ಒಂದೊಂದು ಉಸಿರಿನಲ್ಲಿಯೂ ನಮಗೆ ದೊರೆಯುವ ಪ್ರಾಣವಾಯು ಸಮುದ್ರತೀರದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲು ಮಾತ್ರ. ನೀರು 88 ಡಿಗ್ರಿಯಷ್ಟಕ್ಕೇ ಕುದಿದುಬಿಡುತ್ತದೆ. ಆದ್ದರಿಂದ ಎಷ್ಟು ಕುದಿಸಿದರೂ ಬೇಳೆ ಬೇಗ ಬೇಯುವುದಿಲ್ಲ. ಬಿಸಿಲಿದ್ದಾಗ ಹಿತವೆನಿಸುತ್ತದೆ. ಸೂರ್ಯನು ಶಿಖರದ ಮರೆಗೆ ಸರಿದನೆಂದರೆ ಸಾಕು, ಯಾರೋ ಬಾಗಿಲು ತೆರೆದಂತೆ ಹಿಮದ ಕಡೆಯಿಂದ ಗಾಳಿ ನುಗ್ಗುತ್ತದೆ.

ನಾನು ತಲಪಿದಾಗ ಬಾಗಿಲು ಮುಚ್ಚಲು ಎರಡು ದಿನ ಉಳಿದಿತ್ತು. ಊರಿಗೆ ಊರೇ ಗಂಟು ಕಟ್ಟುತ್ತಿತ್ತು. ಅಂಗಡಿಯವರು ಹಾಸಿಗೆ, ಕೌದಿ, ಪಾತ್ರೆಗಳನ್ನು ಹೇಸರಗತ್ತೆಗಳ ಮೇಲೆ ಹೇರುತ್ತಿದ್ದರು. ಕಿಟಕಿಗಳಿಗೆ ಹಲಗೆ ಹೊಡೆಯುತ್ತಿದ್ದರು. ವಸತಿಗೃಹದ ಹುಡುಗನೊಬ್ಬನು ನಲ್ಲಿಗಳನ್ನೆಲ್ಲ ತೆರೆದಿಟ್ಟು ಕೊಳವೆಗಳಲ್ಲಿದ್ದ ನೀರನ್ನು ಕೊನೆಯ ಹನಿಯವರೆಗೆ ಹೊರಗೆ ಬಿಡುತ್ತಿದ್ದನು. ‘ನೀರನ್ನೇಕೆ ಚೆಲ್ಲುತ್ತೀ?’ ಎಂದು ಕೇಳಿದೆ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಹಿಗ್ಗಿದರೆ ಕಬ್ಬಿಣದ ಕೊಳವೆಯೂ ಸೀಳುತ್ತದೆ ಎಂದು ಅವನು ಹಿಂದಿಯಲ್ಲಿ ವಿವರಿಸಿದನು. ಇಷ್ಟು ನೀರು ಉಳಿದರೂ ಮೇ ತಿಂಗಳಿನಲ್ಲಿ ಬಂದು ನೋಡಿದಾಗ ಹೊಸ ಕೊಳವೆ ಹಾಕಬೇಕಾಗುತ್ತದೆಯಂತೆ. ಚಳಿಗಾಲದ ಸಿದ್ಧತೆಯೆಂದರೆ ಕೂಡಿಡುವುದು ಎಂದಷ್ಟೇ ನಾನು ತಿಳಿದಿದ್ದೆ. ಬಿಟ್ಟುಕೊಡಬೇಕಾದುದನ್ನು ಕಾಲಕ್ಕೆ ಸರಿಯಾಗಿ ಬಿಟ್ಟುಕೊಡುವುದೂ ಸಿದ್ಧತೆಯೇ ಎಂದು ಆ ಹುಡುಗನಿಂದ ತಿಳಿಯಿತು.

ಕ್ಷೇತ್ರಪಾಲನಾದ ಭೈರವನ ಬಾಗಿಲನ್ನು ಮೊದಲೇ ಮುಚ್ಚಿದ್ದರು. ಚಳಿಗಾಲದಲ್ಲಿ ಕ್ಷೇತ್ರದ ಕಾವಲು ಅವನದೇ ಎಂಬುದು ಅಲ್ಲಿಯವರ ನಂಬಿಕೆ. ಇತ್ತೀಚಿನ ವರ್ಷಗಳಲ್ಲಿ ಕಾವಲಿಗೆ ಯೋಧರೂ, ಮರುನಿರ್ಮಾಣದ ಕೆಲಸಗಾರರೂ, ಒಬ್ಬಿಬ್ಬರು ಸಾಧುಗಳೂ ಮೇಲೆ ಉಳಿಯುವುದುಂಟು. ಉಳಿದವರೆಲ್ಲ ಇಳಿಯಲೇಬೇಕು.

ನನ್ನ ತಪ್ಪು

ನಾನು ಬೆಳೆದದ್ದು ಮಠದ ಪಾಠಶಾಲೆಯಲ್ಲಿ. ಧನುರ್ಮಾಸವಿರಲಿ, ಮಳೆಗಾಲವಿರಲಿ, ನಾಲ್ಕು ಗಂಟೆಗೆ ಏಳುವುದು, ಬಾವಿಯ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಳ್ಳುವುದು, ಮಡಿಯುಟ್ಟು ಲಿಂಗಪೂಜೆಗೆ ಕೂಡುವುದು ನಮ್ಮ ನಿಯಮ. ಐವತ್ತು ವರ್ಷಗಳಿಂದ ಆ ನಿಯಮವನ್ನು ಬಿಟ್ಟವನಲ್ಲ. ಅಷ್ಟೇ ಆಗಿದ್ದರೆ ದೋಷವಿರಲಿಲ್ಲ. ಬಿಸಿನೀರು ಬೇಡುವವರನ್ನು ಕಂಡರೆ ನನ್ನ ಮನಸ್ಸಿನಲ್ಲಿ ಒಂದು ತಾತ್ಸಾರವಿತ್ತು. ನನ್ನ ಶಿಷ್ಯರಿಗೂ ಅದನ್ನೇ ಕಲಿಸಿದ್ದೆ.

ನವೆಂಬರ್ 14ರ ಬೆಳಗಿನ ಜಾವ. ವಸತಿಗೃಹದ ಹುಡುಗನು ಬಕೆಟ್ಟಿನಲ್ಲಿ ಬಿಸಿನೀರು ತಂದಿಟ್ಟನು. ‘ತಪಸ್ಸಿನ ನೆಲದಲ್ಲಿ ಬಿಸಿನೀರೇ?’ ಎಂದು ಅದನ್ನು ಜೊತೆಯವರಿಗೆ ಬಿಟ್ಟುಕೊಟ್ಟು, ಮಂದಾಕಿನಿಯ ದಂಡೆಗೆ ಹೋಗಿ ತಂಬಿಗೆಯಿಂದ ಐದಾರು ಸಲ ತಲೆಯ ಮೇಲೆ ನೀರು ಸುರಿದುಕೊಂಡೆ. ಒದ್ದೆಯ ಪಂಚೆಯ ಮೇಲೆಯೇ ಒಂದು ಶಾಲು ಹೊದ್ದು, ಗಾಳಿ ಬೀಸುವ ಬಯಲಿನಲ್ಲಿ, ಕಲ್ಲಿನ ಕಟ್ಟೆಯ ಮೇಲೆ, ಶಿಖರಕ್ಕೆ ಮುಖಮಾಡಿ ಪೂಜೆಗೆ ಕುಳಿತೆ. ಅಕ್ಕಪಕ್ಕದ ಗುಂಡಿಗಳಲ್ಲಿ ನೀರು ಗಾಜಿನಂತೆ ಗಟ್ಟಿಯಾಗಿತ್ತು.

ಮೊದಲು ನಡುಕ ಬಂದಿತು. ಇದು ಸಹಜವೆಂದುಕೊಂಡೆ. ಕರಡಿಗೆಯನ್ನು ತೆರೆಯಲು ಹೋದರೆ ಬೆರಳುಗಳು ನನ್ನ ಮಾತು ಕೇಳಲಿಲ್ಲ. ಬಹಳ ಹೊತ್ತು ಹೆಣಗಾಡಿ ತೆರೆದು ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡೆ. ಮಂತ್ರ ಹೇಳಹೋದರೆ ನಾಲಗೆ ತೊದಲಿತು. ಬಾಲ್ಯದಿಂದ ಬಾಯಿಪಾಠವಾಗಿದ್ದುದು ನಡುವೆಯೇ ಮರೆತುಹೋಯಿತು. ಆಮೇಲೆ ಒಂದು ವಿಚಿತ್ರ ನಡೆಯಿತು. ನಡುಕ ನಿಂತಿತು. ಚಳಿಯೇ ಇಲ್ಲವೆನಿಸಿತು. ಮನಸ್ಸು ತಿಳಿಯಾಗಿ, ಯಾವ ಚಿಂತೆಯೂ ಇಲ್ಲದೆ, ಹೀಗೆಯೇ ಕುಳಿತಿರಬೇಕು ಎನ್ನಿಸಿತು. ಏಕಾಗ್ರತೆ ಕೈಗೂಡಿತೆಂದು ಆ ಸ್ಥಿತಿಯಲ್ಲಿಯೂ ನಾನು ಒಳಗೊಳಗೇ ಹಿಗ್ಗಿದೆ.

ಆಗ ಯಾರೋ ನನ್ನ ಎಡಗೈಯನ್ನು ಭದ್ರವಾಗಿ ಹಿಡಿದುಕೊಂಡರು. ಹಲವು ವರ್ಷ ಆ ಕಣಿವೆಯಲ್ಲಿ ಸೇವೆ ಸಲ್ಲಿಸಿದ ನಮ್ಮ ಕಡೆಯ ಹಿರಿಯ ಜಂಗಮರು ಅವರು. ನನ್ನ ಅಂಗೈ ವಾಲಿತ್ತು. ಲಿಂಗವು ಇನ್ನೇನು ಜಾರಿ ಕಲ್ಲಿನ ಮೇಲೆ ಬೀಳುವುದರಲ್ಲಿತ್ತು. ಅದು ನನಗೆ ತಿಳಿದೇ ಇರಲಿಲ್ಲ. ಕೈಯಲ್ಲಿ ಲಿಂಗವಿದೆಯೋ ಇಲ್ಲವೋ ಎಂಬ ಸ್ಪರ್ಶಜ್ಞಾನವೇ ಹೋಗಿತ್ತು. ಲಿಂಗಧಾರಿಯಾದವನಿಗೆ ಇದಕ್ಕಿಂತ ದೊಡ್ಡ ಗಂಡಾಂತರವುಂಟೇ? ಇಂದಿಗೂ ಅದನ್ನು ನೆನೆದರೆ ಎದೆ ನಡುಗುತ್ತದೆ.

‘ಮೊದಲು ಒದ್ದೆ ಬಿಡಿಸಿರಿ ಶಾಸ್ತ್ರಿಗಳೇ, ಮಾತು ಆಮೇಲೆ’ ಎಂದು ಅವರು ನನ್ನನ್ನು ಇಬ್ಬರ ನೆರವಿನಿಂದ ಒಳಗೆ ಕರೆದೊಯ್ದರು. ಒದ್ದೆ ಬಟ್ಟೆಗಳನ್ನೆಲ್ಲ ತೆಗೆಸಿ, ಮೈಯೊರಸಿ, ಒಣಗಿದ ಉಣ್ಣೆಯ ಬಟ್ಟೆ ಹಾಕಿಸಿ, ತಲೆಗೆ ಟೋಪಿ ಸುತ್ತಿ, ಎರಡು ದಪ್ಪ ಕಂಬಳಿಗಳೊಳಗೆ ಮಲಗಿಸಿದರು. ಬಿಸಿನೀರು ತುಂಬಿದ ಬಾಟಲಿಗಳಿಗೆ ಬಟ್ಟೆ ಸುತ್ತಿ ಎದೆಯ ಬದಿಗೂ ಕಂಕುಳಿಗೂ ಇಟ್ಟರು. ಹುಡುಗನೊಬ್ಬನು ಭಕ್ತಿಯಿಂದ ನನ್ನ ಕಾಲು ತಿಕ್ಕಲು ಬಂದನು, ಅವನನ್ನು ತಡೆದರು. ಮತ್ತೊಬ್ಬನು ಬೆಂಕಿಯ ಹತ್ತಿರಕ್ಕೆ ಕೈ ಹಿಡಿಯಿರಿ ಎಂದನು, ಅದನ್ನೂ ತಡೆದರು. ಮರಗಟ್ಟಿದ ಕೈಗೆ ಸುಡುವುದು ತಿಳಿಯುವುದಿಲ್ಲ. ಮೊದಲು ಎದೆ ಬೆಚ್ಚಗಾಗಬೇಕು, ಕೈಕಾಲು ತಾವಾಗಿಯೇ ಹಿಂದೆ ಬರುತ್ತವೆ ಎಂಬುದು ಅವರ ಅನುಭವ. ನಡುಕ ಮರಳಿ ಬಂದಾಗ ಅವರು ‘ಇನ್ನು ಭಯವಿಲ್ಲ’ ಎಂದು ನಿಟ್ಟುಸಿರು ಬಿಟ್ಟರು. ಲೋಟವನ್ನು ನಾನೇ ಹಿಡಿಯುವಂತಾದ ಮೇಲೆ ಬೆಲ್ಲ ಹಾಕಿದ ಬಿಸಿ ಹಾಲು ಕುಡಿಸಿದರು.

ಮಧ್ಯಾಹ್ನ ನಾನು ಸುಧಾರಿಸಿಕೊಂಡ ಮೇಲೆ ಅವರು ಮೆಲ್ಲಗೆ ಹೇಳಿದರು: ‘ತಾವು ವಿದ್ವಾಂಸರು. ವಾರುಣ, ಆಗ್ನೇಯ, ಮಾಂತ್ರ ಎಂದು ಸ್ನಾನಗಳ ಭೇದವನ್ನು ನಾವು ತಮ್ಮಂಥವರಿಂದಲೇ ಕೇಳಿದವರು. ಭಸ್ಮಸ್ನಾನವೂ ಸ್ನಾನವೇ ಅಲ್ಲವೇ? ನಾವು ಇಲ್ಲಿ ಬಿಸಿನೀರಿನಲ್ಲಿ ಮೀಯುತ್ತೇವೆ. ಅದೂ ಆಗದ ದಿನ ವಿಭೂತಿ ಧರಿಸುತ್ತೇವೆ. ತಮಗೆ ನಡುಕ ನಿಂತಿತಲ್ಲ, ಅದು ಸಮಾಧಿಯಲ್ಲ. ಅದು ಚಳಿ.’

ನನ್ನ ಬಳಿ ಉತ್ತರವಿರಲಿಲ್ಲ. ಸ್ನಾನಭೇದಗಳ ಮೇಲೆ ಎಷ್ಟೋ ಸಲ ಉಪನ್ಯಾಸ ಮಾಡಿದವನು ನಾನು. ಆ ರಾತ್ರಿ ನಿದ್ರೆ ಬರಲಿಲ್ಲ. ನನ್ನ ಗುರುಗಳ ನೆನಪಾಯಿತು. ಧನುರ್ಮಾಸದಲ್ಲಿ ನಾವು ಹುಡುಗರು ಬಾವಿಯ ಬಳಿಯಿಂದ ಹಲ್ಲು ಕಡಿಯುತ್ತ ಓಡಿಬರುವಾಗ ಅಂಗಳದಲ್ಲಿ ತೊಗರಿಕಟ್ಟಿಗೆಯ ಬೆಂಕಿ ಧಗಧಗನೆ ಉರಿಯುತ್ತಿರುತ್ತಿತ್ತು. ನಮಗಿಂತ ಒಂದು ತಾಸು ಮೊದಲೆದ್ದು ಅದನ್ನು ಹೊತ್ತಿಸುತ್ತಿದ್ದವರು ಗುರುಗಳೇ. ಜ್ವರದ ಹುಡುಗನಿಗೆ ಬಿಸಿನೀರು ಕಾಯಿಸಿ ಕೊಡುತ್ತಿದ್ದವರೂ ಅವರೇ. ಐವತ್ತು ವರ್ಷ ನಾನು ತಣ್ಣೀರನ್ನು ನೆನಪಿಟ್ಟುಕೊಂಡಿದ್ದೆ, ಬೆಂಕಿಯನ್ನು ಮರೆತಿದ್ದೆ.

ಇಳಿಯುವ ದಾರಿ

ಮರುದಿನ, ನವೆಂಬರ್ 15, ಯಮದ್ವಿತೀಯೆ. ನಮ್ಮ ಬಲಿಪಾಡ್ಯಮಿಯ ಆಚೆಯ ದಿನ. ಪ್ರತಿವರ್ಷ ಬಾಗಿಲು ಮುಚ್ಚುವುದು ಈ ತಿಥಿಯಲ್ಲಿಯೇ. ಇನ್ನೂ ಕತ್ತಲಿರುವಾಗಲೇ ಸಮಾಧಿಪೂಜೆ ಆರಂಭವಾಯಿತು. ತ್ರಿಕೋನಾಕಾರದ ಬಂಡೆಯ ರೂಪದಲ್ಲಿರುವ ಸ್ವಯಂಭೂ ಲಿಂಗವನ್ನು ಭಸ್ಮದಿಂದಲೂ ಹೂಪತ್ರೆಗಳಿಂದಲೂ ಮುಚ್ಚಿದರು. ದೂರದಲ್ಲಿ ನಿಂತು ನೋಡುತ್ತಿದ್ದ ನನಗೆ, ತಾಯಿಯೊಬ್ಬಳು ಮಗುವಿಗೆ ಹೊದಿಕೆ ಸರಿಪಡಿಸಿದಂತೆ ಕಂಡಿತು. ಒಳಗೆ ಹಚ್ಚಿಟ್ಟ ದೀಪವು ಆರು ತಿಂಗಳೂ ಬೆಳಗುತ್ತದೆಂಬುದು ಭಕ್ತರ ನಂಬಿಕೆ. ಬೆಳಗ್ಗೆ ಮಹಾದ್ವಾರ ಮುಚ್ಚಿ ಮುದ್ರೆಯಿಟ್ಟ ಮೇಲೆ ಪಂಚಮುಖದ ಉತ್ಸವಮೂರ್ತಿಯ ಡೋಲಿ ಹೊರಟಿತು.

ದೇವರು ನಡೆದೇ ಇಳಿಯುತ್ತಾನೆ. ಭಕ್ತರ ಹೆಗಲಿನ ಮೇಲೆ, ಡೋಲು ಕಹಳೆಗಳ ನಡುವೆ. ಮೊದಲ ರಾತ್ರಿ ರಾಮಪುರದಲ್ಲಿ ತಂಗಿ, ಎರಡನೆಯ ರಾತ್ರಿ ಗುಪ್ತಕಾಶಿಯ ವಿಶ್ವನಾಥನಲ್ಲಿ ಉಳಿದು, ಮೂರನೆಯ ದಿನ ಊಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ಬಿಜಯಮಾಡಿದನು. ಅಲ್ಲಿಯೇ ಆರು ತಿಂಗಳ ಪೂಜೆ. ದಾರಿಯುದ್ದಕ್ಕೂ ಹಳ್ಳಿಯ ಹೆಣ್ಣುಮಕ್ಕಳು ಹೂವು, ಅಕ್ಕಿ ಹಿಡಿದು ಕಾದು ನಿಂತಿದ್ದರು. ತವರಿಗೆ ಬಂದ ಹಿರಿಯನನ್ನು ಕಂಡಂತೆ ಅವರ ಕಣ್ಣು ತುಂಬುತ್ತಿತ್ತು.

ಕೇದಾರನಾಥನೊಬ್ಬನೇ ಹೀಗೆ ಇಳಿಯುವುದಿಲ್ಲ. ಮಧ್ಯಮಹೇಶ್ವರನೂ ಊಖೀಮಠಕ್ಕೇ ಬರುತ್ತಾನೆ. ತುಂಗನಾಥನು ಮಕ್ಕೂಮಠಕ್ಕೆ, ರುದ್ರನಾಥನು ಗೋಪೇಶ್ವರಕ್ಕೆ ಇಳಿಯುತ್ತಾರೆ. ಗಂಗೋತ್ರಿಯ ತಾಯಿ ಮುಖಬಾ ಗ್ರಾಮಕ್ಕೂ ಯಮುನೋತ್ರಿಯ ತಾಯಿ ಖರಸಾಲಿಗೂ ಬರುತ್ತಾರೆ. ಬದರಿಯ ಆಚೆಯ ಮಾಣಾ ಗ್ರಾಮದವರು ದನಕರು, ಮಗ್ಗ, ಧಾನ್ಯಗಳೊಡನೆ ಕೆಳಗಿನ ಊರುಗಳಲ್ಲಿರುವ ತಮ್ಮ ಚಳಿಗಾಲದ ಮನೆಗಳಿಗೆ ಬರುತ್ತಾರೆ. ಇದರ ಹಿಂದಿನ ಲೆಕ್ಕವೂ ಸರಳವಾಗಿದೆ. ಸಾವಿರ ಮೀಟರು ಇಳಿದರೆ ಚಳಿಯು ಆರು ಆರೂವರೆ ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ಊಖೀಮಠದ ಎತ್ತರ ಸುಮಾರು 1,300 ಮೀಟರು. ಅಲ್ಲಿ ನೀರು ನೀರಾಗಿಯೇ ಹರಿಯುವಾಗ, ಅದಕ್ಕಿಂತ 14 ಡಿಗ್ರಿಯಷ್ಟು ತಣ್ಣಗಿರುವ ಕೇದಾರದಲ್ಲಿ ಅದು ಕಲ್ಲಾಗಿರುತ್ತದೆ. ಉಷ್ಣಮಾಪಕವಿಲ್ಲದ ಕಾಲದಲ್ಲಿಯೇ ಪೂರ್ವಿಕರು ಈ ಲೆಕ್ಕವನ್ನು ದೇವರ ಡೋಲಿಯೊಡನೆ ಬೆಸೆದಿಟ್ಟರು. ದೇವರೇ ಇಳಿದ ಮೇಲೆ, ‘ನಾನು ಇಳಿಯಲಾರೆ’ ಎಂದು ಹಠ ಹಿಡಿಯುವ ಭಕ್ತನಾದರೂ ಯಾರು?

ಇಳಿಯುವಾಗ ರಾಮಬಾಡಾ ಇದ್ದ ಸ್ಥಳವನ್ನು ತೋರಿಸಿದರು. 2013ರ ಜೂನ್ 16, 17ರಂದು ಮೇಘಸ್ಫೋಟದಂತಹ ಮಳೆಗೆ ಮಂದಾಕಿನಿ ಉಕ್ಕಿ, ಮೇಲಿನ ಚೋರಾಬಾರಿ ಸರೋವರ ಒಡೆದು ಬಂದ ಪ್ರವಾಹದಲ್ಲಿ ಆ ನೆಲೆ ಕೊಚ್ಚಿಹೋಯಿತು. ಸಾವಿರಾರು ಜನ ಮಡಿದರು. ನೀರಿನಿಂದ ತಪ್ಪಿಸಿಕೊಂಡು ಮೇಲಿನ ಕಾಡುಗಳಿಗೆ ಹತ್ತಿದವರಲ್ಲಿಯೂ ಎಷ್ಟೋ ಮಂದಿ ಉಳಿಯಲಿಲ್ಲ. ತೊಯ್ದ ಹತ್ತಿಬಟ್ಟೆ, ಸುರಿಯುವ ಮಳೆ, ಬೀಸುವ ಗಾಳಿ, ಬರಿಹೊಟ್ಟೆ. ಇವು ಅವರನ್ನು ಬೇಸಗೆಯ ಜೂನ್ ತಿಂಗಳಿನಲ್ಲಿಯೇ ಚಳಿಯಿಂದ ಕೊಂದವು. ಅವರ ಅಸ್ಥಿಗಳು ವರ್ಷಗಳ ಅನಂತರವೂ ಆ ಕಾಡುಗಳಲ್ಲಿ ದೊರೆತವು. ಹಿಂದಿನ ದಿನ ನನಗಾದುದು ಏನೆಂಬುದು ಆ ಸ್ಥಳದಲ್ಲಿ ನಿಂತಾಗ ನನಗೆ ಪೂರ್ತಿ ಅರ್ಥವಾಯಿತು. ಚಳಿ ಕೊಲ್ಲುವುದಕ್ಕೆ ಹಿಮವೇ ಬೇಕೆಂದಿಲ್ಲ. ಒದ್ದೆಯೂ ಗಾಳಿಯೂ ಕೂಡಿದರೆ ಸಾಕು.

ಊಖೀಮಠದ ಮನೆಗಳಲ್ಲಿ

ಬಾಣಾಸುರನ ಮಗಳು ಉಷೆಯ ಹೆಸರಿನಿಂದ ಊಖೀಮಠವೆಂಬ ಹೆಸರಾಯಿತೆಂದು ಅಲ್ಲಿಯವರ ಹೇಳಿಕೆ. ಸಂಕ್ರಾಂತಿಯವರೆಗೆ ನಾನು ಅಲ್ಲಿ ಒಂದು ಮನೆಯ ಮಾಳಿಗೆಯಲ್ಲಿ ಉಳಿದೆ. ಆ ಮನೆಯ ಯಜಮಾನಿ ಅಕ್ಷರ ಬಲ್ಲವಳಲ್ಲ. ಚಳಿಗಾಲದ ವಿಷಯದಲ್ಲಿ ನನಗೆ ಗುರುವಾದವಳು ಅವಳೇ.

ಹಳೆಯ ಗಢವಾಲಿ ಮನೆಯೆಂದರೆ ದಪ್ಪ ಕಲ್ಲಿನ ಗೋಡೆ, ಮಣ್ಣು ಸಗಣಿಯ ಸಾರಣೆ, ಕಲ್ಲುಚಪ್ಪಡಿಯ ಮಾಡು, ತಲೆತಗ್ಗಿಸಿ ದಾಟಬೇಕಾದ ಬಾಗಿಲು, ಅಂಗೈಯಗಲದ ಕಿಟಕಿ. ಕೆಳಗೆ ದನಗಳ ಕೊಟ್ಟಿಗೆ, ಅದರ ಮೇಲೆ ಮರದ ಹಲಗೆಯ ನೆಲ. ಅಲ್ಲಿ ಮನುಷ್ಯರ ವಾಸ. ರಾತ್ರಿಯೆಲ್ಲ ದನಗಳ ಮೈಬಿಸಿ ಮೇಲೇರಿ ನೆಲವನ್ನು ಬೆಚ್ಚಗಿಡುತ್ತದೆ. ಈಗ ಎದ್ದಿರುವ ಸಿಮೆಂಟಿನ ಮನೆಗಳು ನೋಡಲು ಚೆಂದ. ಚಳಿಗಾಲದಲ್ಲಿ ಅವುಗಳೊಳಗೆ ಕುಳಿತರೆ ಗೋಡೆಯೇ ಮೈಯ ಬಿಸಿಯನ್ನು ಹೀರುತ್ತದೆ. ಅದೇ ಊರಿನ ಎರಡೂ ಬಗೆಯ ಮನೆಗಳಲ್ಲಿ ಮಲಗಿ ನೋಡಿ ಈ ಮಾತು ಹೇಳುತ್ತಿದ್ದೇನೆ.

ಸಿದ್ಧತೆಯ ಭಾರವೆಲ್ಲ ಹೆಣ್ಣುಮಕ್ಕಳ ಬೆನ್ನಿನ ಮೇಲೆ. ಮಳೆ ನಿಂತೊಡನೆ ಕಡಿದಾದ ಇಳಿಜಾರುಗಳಿಂದ ಹುಲ್ಲು ಕೊಯ್ದು ತಂದು ಮರಗಳ ಕವಲಿನಲ್ಲಿ ಬಣವೆ ಒಟ್ಟುತ್ತಾರೆ. ಕಾಡಿನಿಂದ ಸೌದೆ ಹೊರುತ್ತಾರೆ. ಸೌದೆಯಲ್ಲಿಯೂ ವಿವೇಕವಿದೆ. ಪೈನ್ ಮರದ ಕಟ್ಟಿಗೆ ಹೊತ್ತಿಸಲು ಸುಲಭ, ಬೇಗ ಉರಿದು ಹೋಗುತ್ತದೆ. ಬಾಂಜ್ ಎಂದು ಕರೆಯುವ ಓಕ್ ಜಾತಿಯ ಕಟ್ಟಿಗೆ ನಿಧಾನವಾಗಿ ಹೊತ್ತಿ ಬಹಳ ಹೊತ್ತು ಕೆಂಡ ನಿಲ್ಲುತ್ತದೆ. ಹುಲ್ಲಿಗೆ, ಸೌದೆಗೆ ಹೋದವರು ಬೆಟ್ಟದಿಂದ ಜಾರಿ ಪ್ರಾಣ ಕಳೆದುಕೊಳ್ಳುವುದೂ ಉಂಟು. ನಮ್ಮ ಯಜಮಾನಿಯ ಅತ್ತಿಗೆಯೊಬ್ಬಳು ಹಾಗೆಯೇ ತೀರಿಕೊಂಡಳಂತೆ. ನಾವು ಬೆಂಕಿಯ ಮುಂದೆ ಕೈಚಾಚುವಾಗ ಅದರ ಹಿಂದೆ ಯಾರ ಬೆನ್ನು ಬಾಗಿದೆ ಎಂದು ಒಮ್ಮೆ ನೆನೆಯಬೇಕು. ಕಾಯಕವೆಂಬ ಮಾತಿನ ತೂಕ ಅಲ್ಲಿ ತಿಳಿಯುತ್ತದೆ.

ಅಡುಗೆಮನೆಯಲ್ಲಿ ನನಗೊಂದು ಆಶ್ಚರ್ಯ ಕಾದಿತ್ತು. ಮೊದಲ ರಾತ್ರಿ ಕಪ್ಪು ರೊಟ್ಟಿ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಬೆಲ್ಲ, ಒಂದು ಬಟ್ಟಲು ಬಿಸಿ ಬೇಳೆ ಬಡಿಸಿದಳು. ‘ಇದು ಮಂಡುವಾ, ಇದು ಗಹತ್, ಚಳಿಗೆ ಇವೇ ಔಷಧ’ ಎಂದಳು. ತುತ್ತು ಬಾಯಿಗಿಟ್ಟರೆ ನನ್ನ ತಾಯಿಯ ಕೈರುಚಿ! ಮಂಡುವಾ ನಮ್ಮ ರಾಗಿ. ಗಹತ್ ನಮ್ಮ ಹುರುಳಿ. ನಮ್ಮ ಹೊಲಗಳ ಬಡವರ ಧಾನ್ಯಗಳೇ ಎರಡು ಸಾವಿರ ಕಿಲೋಮೀಟರಿನಾಚೆ ಹಿಮಾಲಯದ ಮಕ್ಕಳ ಚಳಿಗಾಲದ ಬಲವಾಗಿದ್ದವು. ಝಂಗೋರಾ ಎಂದು ಅವರು ಪಾಯಸ ಮಾಡುವುದೂ ನಮ್ಮ ಊದಲನ್ನೇ. ಮೂಲಂಗಿ ಮೊದಲಾದ ತರಕಾರಿಗಳನ್ನು ಕಾರ್ತಿಕದ ಬಿಸಿಲಿನಲ್ಲಿಯೇ ಹೆಚ್ಚಿ ಒಣಗಿಸಿ ಡಬ್ಬಿ ತುಂಬಿಡುತ್ತಾರೆ. ‘ಹಸಿದು ಮಲಗಿದವನಿಗೆ ಹತ್ತು ಕಂಬಳಿ ಹೊದಿಸಿದರೂ ಬಿಸಿಯಾಗದು’ ಎಂದು ಆಕೆ ನನ್ನ ಏಕಭುಕ್ತದ ನಿಯಮವನ್ನು ನಯವಾಗಿ ಮುರಿದಳು. ಮೈಯ ಬಿಸಿ ಹುಟ್ಟುವುದು ಅನ್ನದಿಂದ. ಕಂಬಳಿಯು ಅದನ್ನು ಕಾಯ್ದಿಡುತ್ತದೆ, ಹುಟ್ಟಿಸಲಾರದು.

ಒಂದು ರಾತ್ರಿ ಚಳಿ ಬಹಳವಾಯಿತು. ಇದ್ದಿಲು ತುಂಬಿದ ಅಂಗೀಠಿ, ಅಂದರೆ ನಮ್ಮ ಅಗ್ಗಿಷ್ಟಿಕೆಯನ್ನು, ಕೋಣೆಯಲ್ಲಿಯೇ ಇರಲಿ ಎಂದು ಕಿಟಕಿ ಬಾಗಿಲು ಭದ್ರಪಡಿಸಿದೆ. ಆಕೆ ಮೇಲೆ ಬಂದವಳೇ ಅದನ್ನು ಎತ್ತಿ ಹೊರಗೊಯ್ದಳು. ‘ಬಾಬಾಜೀ, ಬೆಂಕಿಯನ್ನು ಜೊತೆಯಲ್ಲಿ ಮಲಗಿಸಿಕೊಳ್ಳಬಾರದು. ಬೆಳಗ್ಗೆ ಬೆಂಕಿಯೂ ಏಳುವುದಿಲ್ಲ, ಮನುಷ್ಯನೂ ಏಳುವುದಿಲ್ಲ’ ಎಂದಳು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ರೆಯಲ್ಲಿಯೇ ಉಸಿರನ್ನು ಕಸಿದುಕೊಳ್ಳುತ್ತದೆ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಇದರಿಂದ ಮನೆಮಂದಿಯೆಲ್ಲ ಮಡಿದ ಸುದ್ದಿಗಳು ಬರುತ್ತವೆ. ಚಳಿಯಿಂದ ಒಮ್ಮೆ, ಬಿಸಿಯಿಂದ ಇನ್ನೊಮ್ಮೆ, ಹೀಗೆ ಒಂದೇ ಯಾತ್ರೆಯಲ್ಲಿ ಎರಡು ಸಲ ನನ್ನನ್ನು ಬದುಕಿಸಿದವರಿಗೆ ನಾನು ಋಣಿ.

ಆ ವರ್ಷ ಇನ್ನೊಂದು ಚಿಂತೆಯನ್ನೂ ಕಂಡೆ. ಡಿಸೆಂಬರ್ ಕಳೆಯಿತು, ಜನವರಿ ಬಂದಿತು, ಮೇಲಿನ ಬೆಟ್ಟಗಳಲ್ಲಿ ಬೀಳಬೇಕಾದಷ್ಟು ಹಿಮ ಬೀಳಲಿಲ್ಲ. ಒಣಚಳಿ ಮಾತ್ರ ಎಲುಬು ಕೊರೆಯುತ್ತಿತ್ತು. ‘ಒಳ್ಳೆಯದೇ ಆಯಿತಲ್ಲ, ಹಿಮದ ತೊಂದರೆ ಇಲ್ಲ’ ಎಂದೆ. ಮನೆಯ ಮುದುಕನು ತಲೆಯಲ್ಲಾಡಿಸಿದನು. ಹಿಮವೇ ಭೂಮಿಗೆ ಕಂಬಳಿ. ಅದು ಮುಚ್ಚಿದರೆ ಬೇರು ಬೆಚ್ಚಗಿರುತ್ತದೆ, ಕರಗಿದರೆ ಬೇಸಗೆಯಲ್ಲಿ ಊಟೆ ಬತ್ತುವುದಿಲ್ಲ ಎಂದನು. ನಾವು ಶತ್ರುವೆಂದು ಬಗೆದ ಚಳಿಗಾಲ ಅವನಿಗೆ ವರ್ಷದ ನೀರನ್ನು ತರುವ ಬಂಧು.

ಯಾತ್ರಿಕರಲ್ಲಿ ಅರಿಕೆ

ನಮ್ಮ ಕಡೆಯಿಂದ ಕುಟುಂಬ ಸಮೇತ ಕೇದಾರಕ್ಕೆ ಹೋಗುವವರ ಸಂಖ್ಯೆ ದೊಡ್ಡದು. ಮೇ ತಿಂಗಳ ಯಾತ್ರೆಯಲ್ಲವೇ, ಚಳಿಯೆಲ್ಲಿಯದು ಎಂದು ತಿಳಿಯಬಾರದು. ಬಾಗಿಲು ತೆರೆಯುವ ದಿನಗಳಲ್ಲಿಯೂ ಅಲ್ಲಿ ಹಿಮ ಬೀಳುವುದುಂಟು. ಆದುದರಿಂದ ಅನುಭವದಿಂದ ಕಲಿತ ಕೆಲವು ಮಾತುಗಳನ್ನು ಹೇಳುತ್ತೇನೆ.

ಒಂದು ದಪ್ಪ ಬಟ್ಟೆಗಿಂತ ಒಂದರ ಮೇಲೊಂದು ಮೂರು ತೆಳುವಾದ ಬಟ್ಟೆಗಳು ಮೇಲು. ಅವುಗಳ ನಡುವೆ ನಿಂತ ಗಾಳಿಯೇ ಬಿಸಿಯನ್ನು ಹಿಡಿದಿಡುತ್ತದೆ. ಮೈಗೆ ತಗಲುವ ಬಟ್ಟೆ ಹತ್ತಿಯದಾಗಿರಬಾರದು. ಬೆವರಿಗೆ ತೊಯ್ದರೆ ಅದು ಬೇಗ ಆರುವುದಿಲ್ಲ. ಉಣ್ಣೆ ಸ್ವಲ್ಪ ತೊಯ್ದರೂ ಬಿಸಿಯನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಎಲ್ಲಕ್ಕೂ ಮೇಲೆ ಗಾಳಿ ಮಳೆ ತಡೆಯುವ ಒಂದು ಅಂಗಿ ಇರಲಿ. ತಲೆ, ಕಿವಿ, ಕೈಗಳಿಗೆ ಹೊದಿಕೆ ಬೇಕು. ಒಣಗಿದ ಕಾಲುಚೀಲಗಳ ಇನ್ನೊಂದು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುರಕ್ಷಿತವಾಗಿರಬೇಕು. ಹಿಮದ ಮೇಲೆ ಬಿಸಿಲು ಬಿದ್ದರೆ ಕಣ್ಣಿಗೆ ಅಪಾಯ. ಕಪ್ಪು ಕನ್ನಡಕ ಮರೆಯಬಾರದು.

ಒಮ್ಮೆಲೇ ಮೇಲೇರಬಾರದು, ಕೆಳಗಿನ ಊರಿನಲ್ಲಿ ಒಂದೆರಡು ದಿನ ತಂಗಿ ದೇಹವನ್ನು ಹೊಂದಿಸಿಕೊಳ್ಳಬೇಕು. ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿಯಬೇಕು. ಮದ್ಯವು ಬಿಸಿ ಕೊಡುತ್ತದೆಂಬುದು ಭ್ರಮೆ. ಅದು ಮೈಯ ಬಿಸಿಯನ್ನು ಚರ್ಮಕ್ಕೆ ತಂದು ಹೊರಚೆಲ್ಲುತ್ತದೆ. ಹೃದ್ರೋಗ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಹೊರಡಬಾರದು. ಸಕ್ಕರೆ ಕಾಯಿಲೆಯವರು ಪ್ರತಿ ರಾತ್ರಿ ತಮ್ಮ ಪಾದಗಳನ್ನು ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಒಬ್ಬರನ್ನೊಬ್ಬರು ಗಮನಿಸುವುದು. ಚಳಿ ಹಿಡಿದವನಿಗೆ ತನಗೆ ಚಳಿ ಹಿಡಿದಿದೆಯೆಂದು ತಿಳಿಯುವುದಿಲ್ಲ. ಇದಕ್ಕೆ ನಾನೇ ಸಾಕ್ಷಿ. ಜೊತೆಯವರು ತೊದಲಿದರೆ, ಎಡವಿದರೆ, ಗುಂಡಿ ಹಾಕಿಕೊಳ್ಳಲಾರದಾದರೆ, ನಡುಗುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರೆ, ಕೂಡಲೇ ಒಳಗೆ ಕರೆದೊಯ್ದು ಒದ್ದೆ ತೆಗೆಸಿ ಒಣಬಟ್ಟೆ ಹೊದಿಸಿರಿ, ವೈದ್ಯರನ್ನು ಕರೆಯಿಸಿರಿ. ಮೈಯ ಒಳಬಿಸಿ 35 ಡಿಗ್ರಿಗಿಂತ ಇಳಿದರೆ ಅದು ಪ್ರಾಣಾಪಾಯದ ಹಾದಿ. ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಬಿಳಿಚಿ ಮರಗಟ್ಟಿದ ಬೆರಳನ್ನು ಹಿಮದಿಂದಾಗಲಿ ಕೈಯಿಂದಾಗಲಿ ತಿಕ್ಕಬಾರದು, ಬೆಂಕಿಗೂ ಹಿಡಿಯಬಾರದು.

ಮಕ್ಕಳಿಗೂ ಹಿರಿಯರಿಗೂ ನಿಯಮದ ಹೆಸರಿನಲ್ಲಿ ತಣ್ಣೀರನ್ನು ಒತ್ತಾಯಿಸಬೇಡಿರಿ. ಶರಣರು ದೇಹವನ್ನು ಹಳಿದವರಲ್ಲ. ಲಿಂಗವು ನೆಲೆಸುವ ಪೀಠವೆಂದು ಅದನ್ನು ಗೌರವಿಸಿದವರು. ಪೀಠವು ನಡುಗಿ ಬಿದ್ದರೆ ಲಿಂಗವೆಲ್ಲಿ ನಿಂತೀತು?

ಊರಿಗೆ ಮರಳಿದ ಮೇಲೆ ಶಿವರಾತ್ರಿ ಬಂದಿತು. ನಮ್ಮಲ್ಲಿ ಕಂಬಳಿಗಳು ಅಟ್ಟ ಏರುವ ಆ ದಿನವೇ ಊಖೀಮಠದಲ್ಲಿ ಪಂಚಾಂಗ ಶ್ರವಣವಾಗಿ ಕೇದಾರದ ಬಾಗಿಲು ತೆರೆಯುವ ಮುಹೂರ್ತ ನಿಶ್ಚಯವಾಗುತ್ತದೆ. ಆ ಸಲ ನಿಶ್ಚಯವಾದದ್ದು 2024ರ ಮೇ 10. ಕೆಳಗಿಳಿದ ದೇವರು ಕಾಲ ಬಂದಾಗ ಮತ್ತೆ ಮೇಲೇರುತ್ತಾನೆ. ಇಳಿದುದರಿಂದ ಅವನ ಮಹಿಮೆ ಒಂದಿಷ್ಟೂ ಕುಂದಲಿಲ್ಲ. ಈಗ ನಮ್ಮ ಪಾಠಶಾಲೆಯಲ್ಲಿ ಧನುರ್ಮಾಸ ಬಂದರೆ ಹುಡುಗರಿಗಿಂತ ಒಂದು ತಾಸು ಮೊದಲೇ ಎದ್ದು ಅಂಗಳದಲ್ಲಿ ಬೆಂಕಿ ಹೊತ್ತಿಸುತ್ತೇನೆ. ಕೈಲಾಗದ ಮಗುವಿಗೆ ಹಂಡೆಯಲ್ಲಿ ಬಿಸಿನೀರೂ ಕಾಯುತ್ತಿರುತ್ತದೆ. ಬರುವ ಚಳಿಗಾಲದಲ್ಲಿ ನಿಮ್ಮ ಮನೆಗಳ ಹಿರಿಯರೂ ಕಿರಿಯರೂ ಬೆಚ್ಚಗಿರಲಿ. ನೆರೆಯಲ್ಲಿ ಹೊದಿಕೆಯಿಲ್ಲದ ಒಂದು ಜೀವವಿದ್ದರೆ ಅದಕ್ಕೂ ಒಂದು ಕಂಬಳಿ ನಿಮ್ಮ ಕೈಯಿಂದ ಸಲ್ಲಲಿ.